ನಿಮ್ಮ ಬಡಾವಣೆಯಲ್ಲೂ ರಿಪೇರಿ ಸಂತೆ: ನಡೆಸುವುದು ಹೇಗೆ?

ಜೂನ್ 5ರ ಪರಿಸರ ದಿನ ಬಂತೆಂದರೆ ಬಡಾವಣೆಯ ಪಾರ್ಕಿನಲ್ಲಿ ಶಾಮಿಯಾನ, ಮೈಕು, ಫ್ಲೆಕ್ಸು, ಹತ್ತು ಕೈ ಸೇರಿ ನೆಡುವ ಒಂದೇ ಒಂದು ಸಸಿ. ಫೋಟೊ ಮುಗಿದ ಮೇಲೆ ಸಸಿಗೆ ನೀರು ಹಾಕುವವರಿಲ್ಲ. ಫ್ಲೆಕ್ಸ್ ಕಸದ ಗಾಡಿ ಸೇರುತ್ತದೆ. ಪರಿಸರಕ್ಕೆಂದು ಒಂದು ಭಾನುವಾರ ಮೀಸಲಿಡುವುದೇ ಆದರೆ ರಿಪೇರಿ ಸಂತೆ ನಡೆಸಿ ನೋಡಿ. ಅಟ್ಟ ಸೇರಿದ ಮಿಕ್ಸಿ, ಕಡ್ಡಿ ಮುರಿದ ಕೊಡೆ, ಜಿಪ್ ಕೆಟ್ಟ ಶಾಲಾ ಬ್ಯಾಗುಗಳನ್ನು ಜನ ಒಂದೆಡೆ ತರುತ್ತಾರೆ. ಬಲ್ಲವರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸರಿಮಾಡಿಕೊಡುತ್ತಾರೆ.

ಮಾರ್ಟೀನ್ ಪೋಸ್ಟ್ಮಾ ಎಂಬ ಪತ್ರಕರ್ತೆ 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಂಥ ‘ರಿಪೇರ್ ಕೆಫೆ’ಯನ್ನು ಆರಂಭಿಸಿದರು. ಬೆಂಗಳೂರಿನಲ್ಲೂ 2015ರಿಂದ ‘ರಿಪೇರ್ ಕೆಫೆ ಬೆಂಗಳೂರು’ ಎಂಬ ಸ್ವಯಂಸೇವಕರ ಬಳಗವಿದೆ. ಹವಾಮಾನಕ್ಕೂ ಕೆಟ್ಟ ಮಿಕ್ಸಿಗೂ ಎತ್ತಣಿಂದೆತ್ತ ಸಂಬಂಧ ಎನ್ನುವವರಿಗೆ ಒಂದು ಲೆಕ್ಕ: 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಮರುಬಳಕೆಯಾದದ್ದು ಶೇ 22.3 ಮಾತ್ರ ಎನ್ನುತ್ತದೆ ವಿಶ್ವಸಂಸ್ಥೆಯ ವರದಿ. ಹಳೆಯದನ್ನು ಎಸೆದಾಗಲೆಲ್ಲ ಹೊಸದಕ್ಕಾಗಿ ತಾಮ್ರ, ಉಕ್ಕು, ಪ್ಲಾಸ್ಟಿಕ್ಕುಗಳನ್ನು ಮತ್ತೆ ಮೊದಲಿನಿಂದ ತಯಾರಿಸಬೇಕಾಗುತ್ತದೆ; ಅದಕ್ಕೆ ಉರಿಸುವ ಇಂಧನದ ಹೊಗೆ ಹವಾಮಾನವನ್ನು ಕೆಡಿಸುತ್ತದೆ.

ಮೊದಲು ಕೈಗಳನ್ನು ಹುಡುಕಿ

ಜಾಗ, ದಿನಾಂಕ, ಕರಪತ್ರ ಎಲ್ಲವೂ ಆಮೇಲಿನ ಮಾತು. ನಿಮ್ಮ ಬೀದಿಯಲ್ಲೇ ಇರುವ ಮಿಕ್ಸಿ ರಿಪೇರಿಯವರು, ಮರದಡಿ ಕೂರುವ ಚಮ್ಮಾರರು, ಮಳೆಗಾಲದಲ್ಲಿ ಕೊಡೆ ಸರಿಮಾಡುವವರು, ದರ್ಜಿ, ಸೈಕಲ್ ಅಂಗಡಿಯವರು, ಇವರೊಂದಿಗೆ ಮಾತಾಡಿ. ನಿವೃತ್ತ ಎಂಜಿನಿಯರುಗಳೂ ಉತ್ಸಾಹದಿಂದ ಬರುತ್ತಾರೆ, ಬರಲಿ. ಆದರೆ ದಿನಕ್ಕೆ ಹತ್ತು ಮಿಕ್ಸಿ ಬಿಚ್ಚುವವರ ಕೈಯ ವೇಗ ಅವರಿಗಿರುವುದಿಲ್ಲ.

ಇಲ್ಲಿ ನನ್ನದೊಂದು ಹಟವಿದೆ. ಸಮಾಜಸೇವೆ ಎಂದು ಹೇಳಿ ಈ ಕಸುಬುದಾರರನ್ನು ಪುಕ್ಕಟೆ ಕೂರಿಸಬಾರದು. ಭಾನುವಾರ ಅವರಿಗೆ ವ್ಯಾಪಾರದ ದಿನ. ಪೂರ್ತಿ ದಿನದ ಕೂಲಿಯನ್ನು ಮೊದಲೇ ಮಾತಾಡಿ, ಅಂದೇ ಕೊಟ್ಟುಬಿಡಿ. ಶಾಮಿಯಾನ ಮತ್ತು ಹಾರತುರಾಯಿಯ ಹಣ ಉಳಿಸಿದರೆ ಇದಕ್ಕೆ ಸಾಕಾಗುತ್ತದೆ.

ಹೆಸರು ನೋಂದಾಯಿಸಿ, ಬಿಡಿಭಾಗ ತನ್ನಿ

ಬೆಳಿಗ್ಗೆ 10ರಿಂದ 1 ಗಂಟೆಯವರೆಗೆ ಆರು ಮೇಜು, ಒಂದು ಸಾಮಾನಿಗೆ ಅರ್ಧ ಗಂಟೆ ಎಂದರೆ 36 ಸಾಮಾನು. ನೀವು 30ಕ್ಕೆ ನಿಲ್ಲಿಸಿ. ಒಂದೆರಡು ಸ್ಕ್ರೂಗಳು ಖಂಡಿತ ತುಕ್ಕು ಹಿಡಿದು ಹಟ ಮಾಡುತ್ತವೆ. ಒಂದು ಮನೆಗೆ ಒಂದೇ ಸಾಮಾನು. ವಾರ ಮೊದಲೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರಿನ ಜೊತೆಗೆ ಸಾಮಾನಿನ ಕಂಪನಿ, ಮಾದರಿ, ತೊಂದರೆ ಏನು ಎಂಬುದನ್ನೂ ಬರೆಸಿಕೊಳ್ಳಿ.

ಇದರಿಂದ ಅರ್ಧ ರೋಗ ಅಲ್ಲಿಯೇ ಪತ್ತೆಯಾಗುತ್ತದೆ. ಮಿಕ್ಸಿಯ ಮೋಟಾರು ತಿರುಗುತ್ತದೆ, ಜಾರಿನ ಬ್ಲೇಡು ತಿರುಗುವುದಿಲ್ಲ ಎಂದರೆ ಎರಡನ್ನೂ ಜೋಡಿಸುವ ಕಪ್ಲರ್ ಸವೆದಿದೆ. ವಿಪರೀತ ಕಿಡಿ ಹಾರುತ್ತಿದ್ದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಮೇಲೆ ಅನುಮಾನ. ಸೀಲಿಂಗ್ ಫ್ಯಾನ್ ಸೋಮಾರಿಯಂತೆ ಸುತ್ತುತ್ತಿದ್ದರೆ ಬಹುತೇಕ ಕೆಪಾಸಿಟರ್, ಹೆಚ್ಚಿನವಕ್ಕೆ 2.5 ಮೈಕ್ರೊಫ್ಯಾರಡ್‌ನದು. ಈ ಬಿಡಿಭಾಗಗಳನ್ನು ಶನಿವಾರವೇ ಬೆಂಗಳೂರಿನ ಎಸ್.ಪಿ. ರಸ್ತೆಗೋ ನಿಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಗೋ ಹೋಗಿ ತಂದಿಟ್ಟುಕೊಳ್ಳಿ. ಬೆಲೆಯನ್ನು ಸಾಮಾನಿನ ಮಾಲೀಕರೇ ಕೊಡಬೇಕು. ಅಂದಹಾಗೆ, ಏಕಾಏಕಿ ಸತ್ತುಹೋದ ಮಿಕ್ಸಿಯನ್ನು ತರುವವರಿಗೆ, ತಳದಲ್ಲಿರುವ ಓವರ್‌ಲೋಡ್ ಗುಂಡಿಯನ್ನು ಒಮ್ಮೆ ಒತ್ತಿ ನೋಡುವಂತೆ ಫೋನಿನಲ್ಲೇ ಹೇಳಿ. ಎಷ್ಟೋ ಮಿಕ್ಸಿಗಳು ಅಷ್ಟಕ್ಕೇ ಎದ್ದು ಕೂರುತ್ತವೆ.

ಕೆಲವನ್ನು ಬಾಗಿಲಲ್ಲೇ ತಡೆಯಬೇಕು. ಮೈಕ್ರೊವೇವ್ ಓವನ್ನಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯಬಲ್ಲದು. ಹಳೆಯ ಡಬ್ಬಿ ಟಿ.ವಿ.ಯದೂ ಇದೇ ಕಥೆ. ಊದಿಕೊಂಡ ಮೊಬೈಲ್ ಬ್ಯಾಟರಿ, ಗ್ಯಾಸ್ ರೆಗ್ಯುಲೇಟರ್ ಬೇಡವೇ ಬೇಡ. ಕುಕ್ಕರ್ ತರಬಹುದು, ಆದರೆ ಸೇಫ್ಟಿ ವಾಲ್ವ್ ಕೆಟ್ಟಿದ್ದರೆ ಹೊಸದು ಹಾಕಬೇಕು, ತೇಪೆ ಕೂಡದು.

ಕರೆಂಟಿನ ವಿಷಯ

ಪಾರ್ಕು ಚೆಂದ, ಆದರೆ ಅಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ಮೇಲೆ ಸೂರೂ ಇಲ್ಲ. ಶಾಲೆಯ ಕೊಠಡಿ ಅಥವಾ ಸಮುದಾಯ ಭವನವೇ ವಾಸಿ. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ನಾಲ್ಕು ಆಂಪಿಯರಿಗೂ ಹೆಚ್ಚು ಕರೆಂಟು ಎಳೆಯುತ್ತದೆ. ಮಾಮೂಲಿ 6 ಆಂಪಿಯರ್ ಎಕ್ಸ್‌ಟೆನ್ಶನ್ ಬಾಕ್ಸಿಗೆ ಅಂಥ ಎರಡನ್ನು ಸಿಕ್ಕಿಸಿದರೆ ವೈರು ಬಿಸಿಯಾಗುತ್ತದೆ. ಅನುಭವಿ ಎಲೆಕ್ಟ್ರಿಷಿಯನ್ ಒಬ್ಬರು ಕೊನೆಯವರೆಗೂ ಇರಲೇಬೇಕು.

ಅವರ ಹತ್ತಿರ ಒಂದು ಸೀರೀಸ್ ಬೋರ್ಡ್ ಇದ್ದರೆ ಅರ್ಧ ಕೆಲಸ ಸಲೀಸು. ಮರದ ಹಲಗೆಯ ಮೇಲೆ ಒಂದು ಹೋಲ್ಡರ್, ಅದರಲ್ಲಿ 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬು, ಪಕ್ಕದಲ್ಲಿ ಒಂದು ಸಾಕೆಟ್. ಬಲ್ಬನ್ನು ಹಾದೇ ಕರೆಂಟು ಸಾಕೆಟ್ಟಿಗೆ ಹೋಗಬೇಕು. ಕೆಟ್ಟ ಫ್ಯಾನನ್ನು ಇದಕ್ಕೆ ಹಾಕಿದಾಗ ಬಲ್ಬು ಪೂರ್ತಿ ಉರಿದರೆ ಒಳಗೆ ಶಾರ್ಟ್. ಕಟ್ಟಡದ ಫ್ಯೂಸ್ ಮಾತ್ರ ಹೋಗುವುದಿಲ್ಲ. ಬಲ್ಬು ಹೊತ್ತಿಕೊಳ್ಳದೇ ಇದ್ದರೆ ಎಲ್ಲೋ ತಂತಿ ತುಂಡಾಗಿದೆ. ಮಂಕಾಗಿ ಉರಿದರೆ ಮೋಟಾರಿನ ತಂತಿ ಸುರುಳಿಗೆ ಜೀವವಿದೆ. ಇಸ್ತ್ರಿ ಪೆಟ್ಟಿಗೆಯಂಥವು ಸರಿಯಿದ್ದರೂ ಬಲ್ಬನ್ನು ಜೋರಾಗಿಯೇ ಉರಿಸುತ್ತವೆ, ಅವಕ್ಕೆ ಮಲ್ಟಿಮೀಟರ್ ಹಿಡಿಯಬೇಕು. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಪರಿಸರ ಕಾರ್ಯಕ್ರಮದಲ್ಲಿ ಹಳೇ ಬಲ್ಬೇ ಎಂದು ಮೂಗು ಮುರಿಯುವವರು ಮುರಿಯಲಿ.

ಸಂತೆಯ ದಿನ

ಬಾಗಿಲಲ್ಲಿ ಟೋಕನ್ ಕೊಟ್ಟು ಸಾಮಾನನ್ನು ತೂಗಿ ಬರೆದಿಡಿ. ಇಟ್ಟು ಹೋಗುತ್ತೇನೆ, ಸಂಜೆ ಬರುತ್ತೇನೆ ಎನ್ನುವವರಿಗೆ ಒಪ್ಪಬೇಡಿ; ಮಾಲೀಕರು ಪಕ್ಕದಲ್ಲಿ ಕೂತು ಸ್ಕ್ರೂಗಳ ಬಟ್ಟಲನ್ನಾದರೂ ಹಿಡಿಯಲಿ. ತಮ್ಮ ಮಿಕ್ಸಿಯ ಒಳಗನ್ನು ಒಮ್ಮೆ ಕಂಡವರು ಮುಂದಿನ ಸಲ ಹೊಸದಕ್ಕೆ ಓಡುವ ಮೊದಲು ಯೋಚಿಸುತ್ತಾರೆ. ಟೀ ಸ್ಟೀಲ್ ಲೋಟದಲ್ಲಿರಲಿ. ತಿಂಡಿಯೂ ಇದ್ದರೆ ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯ ತಟ್ಟೆ ಬ್ಯಾಂಕಿನಂಥ ಕಡೆ ಸ್ಟೀಲ್ ತಟ್ಟೆ ಎರವಲು ತರಬಹುದು.

ಎಲ್ಲವನ್ನೂ ಉಳಿಸಲೇಬೇಕೆಂಬ ಜಿದ್ದು ಬೇಡ. ಸುರುಳಿ ಸುಟ್ಟ ಹಳೆಯ ಫ್ಯಾನು ಸುಮಾರು 75 ವ್ಯಾಟ್ ತಿನ್ನುವಂಥದ್ದು. ಮರುಸುತ್ತಿಸುವ ಬದಲು ಕಡಿಮೆ ಕರೆಂಟು ತಿನ್ನುವ, 30 ವ್ಯಾಟಿನ ಬಿಎಲ್‌ಡಿಸಿ ಮೋಟಾರಿನ ಫ್ಯಾನು ಕೊಳ್ಳುವುದೇ ಲೇಸು. ಹೀಗೆ ಕೈಬಿಟ್ಟದ್ದನ್ನು ಮಾಲೀಕರ ಒಪ್ಪಿಗೆ ಪಡೆದು ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಕೊಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಮರುಬಳಕೆಯ ಹೊಣೆ ತಯಾರಕರದು.

ಮುಗಿದ ಮೇಲೆ ಎಷ್ಟು ಸಾಮಾನು ಬಂತು, ಎಷ್ಟು ಸರಿಯಾಯಿತು, ಒಟ್ಟು ಎಷ್ಟು ಕಿಲೊ ಎಂಬುದನ್ನು ಸೂಚನಾ ಫಲಕಕ್ಕೆ ಹಾಕಿ. ಅದರ ಕೆಳಗೆ, ಅವರವರ ಒಪ್ಪಿಗೆ ಕೇಳಿಕೊಂಡು, ಬಂದಿದ್ದ ಕಸುಬುದಾರರ ಹೆಸರು, ಅಂಗಡಿಯ ಜಾಗ, ಫೋನ್ ನಂಬರ್ ದೊಡ್ಡದಾಗಿ ಬರೆದಿಡಿ. ಮುಂದಿನ ಸಂತೆ ಆರು ತಿಂಗಳ ನಂತರವಾದರೂ ಮಿಕ್ಸಿ ಅಲ್ಲಿಯತನಕ ಕಾಯುವುದಿಲ್ಲ.