ಪವರ್‌ಪಾಯಿಂಟ್‌ನಲ್ಲಿ ಆನ್‌ಲೈನ್ ಪಾಠ: ಪೀನ ಮಸೂರದ ಒಂದು ಘಟಕ ಸಿದ್ಧವಾಗುವ ಬಗೆ

ತರಗತಿಯಲ್ಲಿ ಪ್ರೊಜೆಕ್ಟರಿಗೆ ಹಾಕುವ ಸ್ಲೈಡುಗಳನ್ನೇ ಎತ್ತಿ ಆನ್‌ಲೈನ್‌ಗೆ ಏರಿಸಿದರೆ ಅದು ಕೋರ್ಸ್ ಆಗುವುದಿಲ್ಲ. ತರಗತಿಯಲ್ಲಿ ಸ್ಲೈಡು ಬಿಟ್ಟದ್ದನ್ನು ಮೇಷ್ಟ್ರು ಬಾಯಲ್ಲಿ ತುಂಬುತ್ತಾರೆ, ಮಕ್ಕಳ ಮುಖ ನೋಡಿ ಇನ್ನೊಂದು ಸಲ ಹೇಳುತ್ತಾರೆ. ಮೊಬೈಲ್ ಹಿಡಿದು ಒಬ್ಬನೇ ಕೂತವನಿಗೆ ಆ ಅನುಕೂಲ ಇಲ್ಲ. ಹಾಗಾಗಿ ಮಾತನ್ನು ಪೂರ್ತಿ ಬರೆದು ಮುಗಿಸುವ ತನಕ ನಾನು ಪವರ್‌ಪಾಯಿಂಟ್ ತೆರೆಯುವುದೇ ಇಲ್ಲ. ಮಾತು ಮೊದಲು, ಸ್ಲೈಡು ಆಮೇಲೆ. ಹತ್ತನೇ ತರಗತಿಯ ಬೆಳಕಿನ ಅಧ್ಯಾಯದಲ್ಲಿ ಬರುವ ಪೀನ ಮಸೂರದ ಭಾಗವನ್ನು ಇಟ್ಟುಕೊಂಡು ಕೆಲಸದ ಕ್ರಮವನ್ನು ಹೇಳುತ್ತೇನೆ. ಬೇರೆ ವಿಷಯಕ್ಕೂ ಇದೇ ದಾರಿ.

ಅದಕ್ಕೂ ಮೊದಲು ಒಂದು ತೀರ್ಮಾನ ಆಗಬೇಕು: ಕೊನೆಗೆ ವಿದ್ಯಾರ್ಥಿಯ ಕೈಗೆ ಹೋಗುವುದು ವಿಡಿಯೊನೋ, ಒತ್ತಿ ಒತ್ತಿ ಮುಂದೆ ಹೋಗುವ ಸ್ಲೈಡ್ ಶೋನೋ? ಎರಡನ್ನೂ ಒಂದೇ ಫೈಲಿನಲ್ಲಿ ಮಾಡಲು ಹೊರಟರೆ ಎರಡೂ ಕೆಡುತ್ತವೆ. ವಿಡಿಯೊ ಆಗಿ ಎಕ್ಸ್‌ಪೋರ್ಟ್ ಮಾಡಿದ ಕೂಡಲೇ ಲಿಂಕುಗಳು, ಒತ್ತಿದರೆ ಓಡುವ ಟ್ರಿಗರ್‌ಗಳು ಎಲ್ಲ ಸತ್ತುಹೋಗುತ್ತವೆ. ಸ್ಲೈಡ್ ಫೈಲನ್ನೇ ಕೊಟ್ಟರೆ, ಅದನ್ನು ಗೂಗಲ್ ಸ್ಲೈಡ್ಸ್‌ನಲ್ಲಿ ತೆರೆದವರಿಗೆ ಕೆಲವು ಅನಿಮೇಶನ್‌ಗಳು ಕಾಣುವುದಿಲ್ಲ, ಅಕ್ಷರದ ಫಾಂಟ್ ಬದಲಾಗುತ್ತದೆ. ನಾನು ವಿವರಣೆಗೆ ವಿಡಿಯೊ, ಅಭ್ಯಾಸಕ್ಕೆ ಬೇರೆಯೇ ಒಂದು ಸ್ಲೈಡ್ ಫೈಲ್ ಎಂದು ಬೇರ್ಪಡಿಸಿಬಿಡುತ್ತೇನೆ.

ಒಂದು ವಿಡಿಯೊ ಆರು ನಿಮಿಷ ದಾಟಬಾರದು. ಎಡೆಕ್ಸ್ ಎಂಬ ಆನ್‌ಲೈನ್ ಕಲಿಕೆಯ ತಾಣದ ಕೋರ್ಸುಗಳ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಲೆಕ್ಕ ಹಾಕಿ 2014ರಲ್ಲಿ ಫಿಲಿಪ್ ಗುವೊ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದನ್ನೇ: ವಿಡಿಯೊ ಎಷ್ಟೇ ಉದ್ದ ಇರಲಿ, ಜನ ಹೆಚ್ಚುಕಡಿಮೆ ಆರು ನಿಮಿಷಕ್ಕೆ ಜಾರಿಕೊಳ್ಳುತ್ತಾರೆ. ಕನ್ನಡದಲ್ಲಿ ನಿಧಾನವಾಗಿ, ಅರ್ಥವಾಗುವಂತೆ ಓದಿದರೆ ನಿಮಿಷಕ್ಕೆ 90ರಿಂದ 100 ಪದ ಹಿಡಿಯುತ್ತದೆ. ವಿಭಕ್ತಿ, ಸಮಾಸ ಎಲ್ಲ ಸೇರಿ ನಮ್ಮ ಪದಗಳು ಉದ್ದ. ಇಂಗ್ಲಿಷ್ ಪಾಠದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಚಿತ್ರ ನೋಡಲು ಬಿಡುವ ಮೌನವನ್ನೂ ಸೇರಿಸಿಕೊಂಡರೆ ಒಂದು ಘಟಕಕ್ಕೆ 500 ಪದ ಸಾಕು. ಪೀನ ಮಸೂರದ ಆರು ವಸ್ತುಸ್ಥಾನಗಳನ್ನು ಒಂದೇ ವಿಡಿಯೊದಲ್ಲಿ ತುರುಕುವ ಬದಲು, ಮೂರು ಒಂದರಲ್ಲಿ, ಮೂರು ಇನ್ನೊಂದರಲ್ಲಿ ಮಾಡಿ. ಬರೆದ ಮಾತನ್ನು ಸ್ಲೈಡಿನ ಕೆಳಗಿನ ನೋಟ್ಸ್ ಜಾಗದಲ್ಲಿ ಅಂಟಿಸಿ. ಮುಂದೆ ಶೀರ್ಷಿಕೆಸಾಲು (ಸಬ್‌ಟೈಟಲ್) ಮಾಡುವಾಗ ಇದೇ ಕೆಲಸಕ್ಕೆ ಬರುತ್ತದೆ.

ಈಗ ಅಕ್ಷರದ ಗಾತ್ರ. ಪವರ್‌ಪಾಯಿಂಟ್‌ನ ಅಗಲ ಸ್ಲೈಡು 33.87 ಸೆಂ.ಮೀ. ಅಗಲ, 19.05 ಸೆಂ.ಮೀ. ಎತ್ತರ. ಸಾಮಾನ್ಯ ಮೊಬೈಲನ್ನು ಅಡ್ಡ ಹಿಡಿದಾಗ ಚಿತ್ರದ ಅಗಲ ಹದಿಮೂರು-ಹದಿನಾಲ್ಕು ಸೆಂ.ಮೀ. ಅಂದರೆ ನೀವು ಹಾಕಿದ್ದು ಐದರಲ್ಲಿ ಎರಡು ಪಾಲಿಗೆ ಕುಗ್ಗುತ್ತದೆ. 28 ಪಾಯಿಂಟ್ ಅಕ್ಷರ 11 ಪಾಯಿಂಟ್ ಆಗುತ್ತದೆ, ಓದಬಹುದು. 18 ಪಾಯಿಂಟ್ ಏಳಕ್ಕೆ ಇಳಿಯುತ್ತದೆ, ಓದಲಾಗದು. ಮೊಬೈಲನ್ನು ನೆಟ್ಟಗೆ ಹಿಡಿದೇ ನೋಡುವವರೂ ಬೇಕಾದಷ್ಟು ಜನ, ಅವರಿಗೆ ಇನ್ನೂ ಅರ್ಧ. ಹಾಗಾಗಿ 28ಕ್ಕಿಂತ ಕಡಿಮೆ ಬೇಡ, ಶೀರ್ಷಿಕೆ 40. ಗೆರೆಗಳಿಗೂ ಇದೇ ಲೆಕ್ಕ: ಕಿರಣದ ಗೆರೆ 3 ಪಾಯಿಂಟ್ ದಪ್ಪ ಇರಲಿ, ತಾನಾಗಿ ಬರುವ ತೆಳುಗೆರೆ ಮೊಬೈಲಿನಲ್ಲಿ ಮಾಯವಾಗುತ್ತದೆ. ಹಳದಿ ಕಿರಣ ಬಿಳಿ ಹಿನ್ನೆಲೆಯ ಮೇಲೆ ಕಾಣುವುದಿಲ್ಲ. ಕಡು ಕಿತ್ತಳೆ ಮತ್ತು ನೀಲಿ ಒಳ್ಳೆಯದು.

ಫಾಂಟ್ ವಿಷಯದಲ್ಲಿ ಕನ್ನಡದವರಿಗೆ ಇರುವ ತಾಪತ್ರಯ ಬೇರೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಪಠ್ಯ ನಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂಬಲ್ಲಿ ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ಅಕ್ಷರಗಳ ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ ಇಣುಕುತ್ತದೆ. ಕಾರಣ, ಫೈಲಿನೊಳಗೆ ಇರುವುದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಚಿತ್ರಗಳು. ಹಳೆಯ ಪಠ್ಯವಿದ್ದರೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ, ಮಾಡಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಾರೆ ನೋಡಿ. ಎಡವಟ್ಟು ಆಗುವುದು ಅಲ್ಲೇ.

ಯೂನಿಕೋಡ್‌ನಲ್ಲೂ ಒಂದು ಗುಟ್ಟಿದೆ. ಸ್ಲೈಡಿನ ಥೀಮಿನಲ್ಲಿ ಯಾವುದೋ ಇಂಗ್ಲಿಷ್ ಫಾಂಟ್ ಇಟ್ಟು ಕನ್ನಡ ಟೈಪಿಸಿದರೆ ಆಫೀಸ್ ಥೀಮು ಕನ್ನಡಕ್ಕೆ ತಾನೇ ತುಂಗಾ ಫಾಂಟನ್ನು ಹಿಡಿದು ತರುತ್ತದೆ. ಅದು ಸಣ್ಣ, ತೆಳು. 28 ಪಾಯಿಂಟ್ ಅಂತ ಹಾಕಿದ್ದರೂ ಪಕ್ಕದ ಇಂಗ್ಲಿಷಿಗಿಂತ ಕುಳ್ಳಾಗಿ ಕಾಣುತ್ತದೆ. ಸ್ಲೈಡ್ ಮಾಸ್ಟರ್‌ಗೆ ಹೋಗಿ ಶೀರ್ಷಿಕೆಗೂ ಒಡಲಿಗೂ ನಿರ್ಮಲಾ ಯುಐ ಅಥವಾ ನೋಟೊ ಸಾನ್ಸ್ ಕನ್ನಡ ಎಂದು ಒಮ್ಮೆ ನಿಗದಿ ಮಾಡಿದರೆ ಪ್ರತಿ ಪೆಟ್ಟಿಗೆಯಲ್ಲೂ ಬದಲಿಸುವ ಕೆಲಸ ತಪ್ಪುತ್ತದೆ. ಸಾಲುಗಳ ಅಂತರವನ್ನು ‘ಎಕ್ಸಾಕ್ಟ್ಲಿ’ ಎಂದು ಇಡಬೇಡಿ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ಡಿಕ್ಕಿ ಹೊಡೆಯುತ್ತದೆ. ‘ಮಲ್ಟಿಪಲ್’ ಆರಿಸಿ 1.2 ಕೊಡಿ. ಅಡಿಗೆರೆಯೂ ಬೇಡ. ಅದು ‘ದೃಷ್ಟಿ’ಯ ಒತ್ತಕ್ಷರವನ್ನು ಅಡ್ಡ ಸೀಳುತ್ತದೆ. ಒತ್ತಿ ಹೇಳಬೇಕಾದ ಕಡೆ ದಪ್ಪ ಅಕ್ಷರ, ಇಲ್ಲವೇ ಬಣ್ಣ.

ಇನ್ನು ಚಿತ್ರ. ಕಿರಣಚಿತ್ರವನ್ನು ಕೈಯಂದಾಜಿನಲ್ಲಿ ಎಳೆದರೆ ಎರಡು ಕಿರಣಗಳು ಪ್ರತಿಬಿಂಬದ ತುದಿಯಲ್ಲಿ ಸೇರುವುದೇ ಇಲ್ಲ, ಎಷ್ಟು ಜಗ್ಗಿದರೂ. ಲೆಕ್ಕ ಹಾಕಿ ಅಳತೆಯನ್ನು ಟೈಪಿಸುವುದೇ ಸಲೀಸು. ಸಂಗಮದೂರ 4 ಸೆಂ.ಮೀ., ವಸ್ತುವಿನ ಎತ್ತರ 2.5 ಸೆಂ.ಮೀ. ಎಂದು ಇಟ್ಟುಕೊಂಡರೆ ಅಂಕಿಗಳು ನೆಟ್ಟಗೆ ಬರುತ್ತವೆ. ವಸ್ತು 12 ಸೆಂ.ಮೀ. ದೂರದಲ್ಲಿದ್ದರೆ ಪ್ರತಿಬಿಂಬ 6ರಲ್ಲಿ, ಎತ್ತರ 1.25. ವಸ್ತು 8ರಲ್ಲಿದ್ದರೆ ಪ್ರತಿಬಿಂಬವೂ 8ರಲ್ಲಿ, ಎತ್ತರ ಅಷ್ಟೇ. 6ರಲ್ಲಿದ್ದರೆ 12ರಲ್ಲಿ, ಎತ್ತರ 5. ವಸ್ತು ಸಂಗಮದ ಒಳಗೆ 2 ಸೆಂ.ಮೀ.ಗೆ ಬಂದರೆ ಅದೇ ಬದಿಯಲ್ಲಿ 4 ಸೆಂ.ಮೀ. ದೂರದಲ್ಲಿ 5 ಸೆಂ.ಮೀ. ಎತ್ತರದ ಮಿಥ್ಯ ಪ್ರತಿಬಿಂಬ. ಇವೆಲ್ಲ ಸ್ಲೈಡಿನ ಅಗಲದೊಳಗೆ ಹಿಡಿಸುತ್ತವೆ.

ಮಸೂರವನ್ನು ಸ್ಲೈಡಿನ ನಡುವೆ, ಎಡಅಂಚಿನಿಂದ 16.93 ಸೆಂ.ಮೀ.ಗೆ ಇಡಿ, ಪ್ರಧಾನಾಕ್ಷ ಮೇಲಿನಿಂದ 9 ಸೆಂ.ಮೀ. ಕೆಳಗೆ. ಮೊದಲ ಸ್ಥಾನಕ್ಕೆ ಗೆರೆಗಳು ಹೀಗೆ. ಅಕ್ಷಕ್ಕೆ ಸಮಾಂತರವಾದ ಕಿರಣ: ಎಡದಿಂದ 4.93, ಮೇಲಿನಿಂದ 6.5, ಅಗಲ 12, ಎತ್ತರ 0. ಅದು ಮಸೂರದಲ್ಲಿ ಬಾಗಿದ ಮೇಲಿನ ತುಂಡು: ಎಡದಿಂದ 16.93, ಮೇಲಿನಿಂದ 6.5, ಅಗಲ 6, ಎತ್ತರ 3.75. ದೃಕ್‌ಕೇಂದ್ರದ ಮೂಲಕ ನೇರ ಹೋಗುವ ಕಿರಣ: ಎಡದಿಂದ 4.93, ಮೇಲಿನಿಂದ 6.5, ಅಗಲ 18, ಎತ್ತರ 3.75. ಈ ಅಂಕಿಗಳನ್ನು ‘ಫಾರ್ಮ್ಯಾಟ್ ಶೇಪ್’ನ ಗಾತ್ರ ಮತ್ತು ಸ್ಥಾನದ ಖಾನೆಗಳಲ್ಲಿ ತುಂಬಿದರೆ ತುದಿಗಳು ಕೂದಲೆಳೆ ತಪ್ಪದೆ ಕೂಡುತ್ತವೆ. ಗೆರೆಗಳಿಗೆ ಸೆಲೆಕ್ಷನ್ ಪೇನ್‌ನಲ್ಲಿ (ಆಲ್ಟ್ ಒತ್ತಿ ಎಫ್10) ಹೆಸರು ಕೊಡಿ, ಇಲ್ಲದಿದ್ದರೆ ಅನಿಮೇಶನ್ ಪಟ್ಟಿಯಲ್ಲಿ ಬರೀ ನಂಬರು ಹೊತ್ತ ಕನೆಕ್ಟರ್‌ಗಳ ಸಾಲು ಕಾಣುತ್ತದೆ, ಯಾವುದು ಯಾವುದೆಂದು ತಿಳಿಯದು.

ಕಿರಣ ಸಾಗುವಂತೆ ತೋರಿಸಲು, ಗೆರೆಯನ್ನು ಒಂದು ತುದಿಯಿಂದ ಮೆಲ್ಲಗೆ ಬಿಚ್ಚುವ ‘ವೈಪ್’ ಅನಿಮೇಶನ್ ಸಾಕು, ದಿಕ್ಕು ಎಡದಿಂದ. ಅವಧಿಯನ್ನು ಉದ್ದಕ್ಕೆ ತಕ್ಕಂತೆ ಕೊಡಬೇಕು: 12 ಸೆಂ.ಮೀ.ಗೆ ಒಂದೂವರೆ ಸೆಕೆಂಡ್ ಆದರೆ 6 ಸೆಂ.ಮೀ. ತುಂಡಿಗೆ ಮುಕ್ಕಾಲು ಸೆಕೆಂಡ್. ಎರಡಕ್ಕೂ ಒಂದೇ ಅವಧಿ ಕೊಟ್ಟರೆ ಮಸೂರ ದಾಟಿದ ಕೂಡಲೇ ಬೆಳಕು ಕುಂಟಲು ಶುರುಮಾಡುತ್ತದೆ. ಮಿಥ್ಯ ಪ್ರತಿಬಿಂಬದ ಚುಕ್ಕೆಗೆರೆಗೆ ಮಾತ್ರ ವೈಪ್ ಬಲದಿಂದ ಎಡಕ್ಕೆ, ಏಕೆಂದರೆ ನಾವು ಹಿಂದಕ್ಕೆ ಬೆಳೆಸುತ್ತಿದ್ದೇವೆ. ಪ್ರತಿಬಿಂಬದ ಬಾಣ ಕಿರಣಗಳು ಸೇರಿದ ಮೇಲೆಯೇ ಮೂಡಬೇಕು. ಮೊದಲೇ ಇದ್ದರೆ ಮಕ್ಕಳು ಕಿರಣವನ್ನು ಅದರತ್ತ ಎಳೆದುಕೊಂಡು ಹೋಗುತ್ತಾರೆ, ಪರೀಕ್ಷೆಯಲ್ಲೂ ಹಾಗೆಯೇ ಬರೆಯುತ್ತಾರೆ.

ಒಂದು ಸ್ಲೈಡಿನ ಆಕೃತಿಯನ್ನು ಮುಂದಿನ ಸ್ಲೈಡಿನ ಜಾಗಕ್ಕೆ ತಾನಾಗಿ ಸರಿಸಿ ತೋರಿಸುವ ‘ಮಾರ್ಫ್’ ಈ ಪಾಠದಲ್ಲಿ ಬೇಡವೇ ಬೇಡ. ವಸ್ತು 6 ಸೆಂ.ಮೀ.ಯಿಂದ 2 ಸೆಂ.ಮೀ.ಗೆ ಸರಿಯುವುದನ್ನು ಮಾರ್ಫ್‌ನಲ್ಲಿ ಮಾಡಿದರೆ ಬಲಬದಿಯ ತಲೆಕೆಳಗಾದ ಪ್ರತಿಬಿಂಬ ಮಸೂರದೊಳಗಿಂದ ತೂರಿ ಎಡಕ್ಕೆ ಬಂದು ನೆಟ್ಟಗಾಗುತ್ತದೆ. ನಿಜದಲ್ಲಿ ಅದು ಬಲಕ್ಕೆ ದೂರ ದೂರ ಹೋಗಿ, ವಸ್ತು ಸಂಗಮ ಬಿಂದುವಿಗೆ ಬಂದಾಗ ಅನಂತಕ್ಕೆ ಸೇರಿ, ಆಮೇಲೆ ಎಡಬದಿಯಲ್ಲಿ ಹುಟ್ಟುತ್ತದೆ. ನೋಡಲು ಸೊಗಸಾದ ಅನಿಮೇಶನ್ ತಪ್ಪು ಭೌತಶಾಸ್ತ್ರ ಕಲಿಸುತ್ತದೆ, ಅದೂ ಮರೆಯಲಾಗದ ಹಾಗೆ.

ಹೇಳುವ ವಾಕ್ಯವನ್ನೇ ಸ್ಲೈಡಿನ ಮೇಲೆ ಬರೆಯಬೇಡಿ. ಕಣ್ಣು ಓದುತ್ತಾ ಓಡುತ್ತದೆ, ಕಿವಿ ಹಿಂದೆ ಬೀಳುತ್ತದೆ, ಚಿತ್ರವನ್ನು ಯಾರೂ ನೋಡುವುದಿಲ್ಲ. ಬಹುಮಾಧ್ಯಮ ಕಲಿಕೆಯ ಬಗ್ಗೆ ದಶಕಗಳ ಕಾಲ ಪ್ರಯೋಗ ನಡೆಸಿದ ರಿಚರ್ಡ್ ಮೇಯರ್ ಇದನ್ನು ಒಂದು ತತ್ವವಾಗಿಯೇ ಹೇಳಿದ್ದಾರೆ. ಸ್ಲೈಡಿನ ಮೇಲೆ ಪಾರಿಭಾಷಿಕ ಪದ, ಅಳತೆ, ಸೂತ್ರ ಇಷ್ಟೇ ಇರಲಿ. ಪದದ ಅಡಿಯಲ್ಲಿ ಅದರ ಇಂಗ್ಲಿಷ್ ರೂಪವನ್ನೂ ಹಾಕುತ್ತೇನೆ. ಕನ್ನಡ ಮಾಧ್ಯಮದ ಮಕ್ಕಳು ಪಿಯುಸಿ ವಿಜ್ಞಾನಕ್ಕೆ ಹೋದರೆ ಎಲ್ಲವೂ ಇಂಗ್ಲಿಷಿನಲ್ಲಿ ಎದುರಾಗುತ್ತದೆ, ಈಗಲೇ ಕಣ್ಣಿಗೆ ಬಿದ್ದಿದ್ದರೆ ಅಷ್ಟು ಗಾಬರಿ ಇರುವುದಿಲ್ಲ.

ಧ್ವನಿ ಕೆಟ್ಟರೆ ಉಳಿದದ್ದೆಲ್ಲ ವ್ಯರ್ಥ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಗುಂಯ್ ಅನ್ನುವ ಧ್ವನಿಯನ್ನು ಯಾರೂ ಸಹಿಸುವುದಿಲ್ಲ. ದುಬಾರಿ ಮೈಕು ಬೇಕಿಲ್ಲ, ಕಾಲರಿಗೆ ಸಿಕ್ಕಿಸುವಂಥದ್ದು ಸಾಕು. ಫ್ಯಾನ್ ಆಫ್, ಕಿಟಕಿ ಮುಚ್ಚಿರಬೇಕು, ಗೋಡೆಗೆ ದಪ್ಪ ಕಂಬಳಿ ಇದ್ದರೆ ಒಳ್ಳೆಯದು. ಕೈಮೈಕಾದರೆ ಬಾಯಿಂದ ಒಂದು ಗೇಣು ದೂರ, ನೇರ ಮುಂದೆ ಅಲ್ಲ, ತುಸು ಪಕ್ಕಕ್ಕೆ. ನೇರ ಹಿಡಿದರೆ ‘ಫಲ’, ‘ಭಾಗ’, ‘ಪ್ರತಿಬಿಂಬ’ ಎಂದಾಗಲೆಲ್ಲ ಗಾಳಿ ಧಡ್ ಎಂದು ಬಡಿಯುತ್ತದೆ. ಮಲೆನಾಡು, ಕರಾವಳಿಯವರು ತಗಡು ಅಥವಾ ಹೆಂಚಿನ ಮಾಡಿನಡಿ ಮಳೆಗಾಲದಲ್ಲಿ ಧ್ವನಿಮುದ್ರಣದ ಆಸೆಯನ್ನೇ ಬಿಡುವುದು ಲೇಸು. ಮೊದಲಿಗೆ ಐದು ಸೆಕೆಂಡ್ ಮೌನವನ್ನೂ ಮುದ್ರಿಸಿ. ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಆ ತುಂಡನ್ನು ಮಾದರಿಯಾಗಿ ಕೊಟ್ಟರೆ ಹಿನ್ನೆಲೆಯ ಸದ್ದನ್ನು ಅದು ಕಳೆಯುತ್ತದೆ. ಹೆಚ್ಚು ಕಳೆಯಲು ಹೋದರೆ ಧ್ವನಿ ಕೊಡದೊಳಗಿಂದ ಬಂದಂತಾಗುತ್ತದೆ.

ಪವರ್‌ಪಾಯಿಂಟ್‌ನೊಳಗೇ ಮುದ್ರಿಸುವುದಾದರೆ ಒಂದು ವಿಷಯ ಗೊತ್ತಿರಲಿ: ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಬದಲಾಗುವ ಹೊತ್ತಿನಲ್ಲಿ ಧ್ವನಿ ಮುದ್ರಣವಾಗುವುದಿಲ್ಲ. ಮಾತನಾಡುತ್ತಲೇ ಮುಂದಿನ ಸ್ಲೈಡಿಗೆ ಹೋದರೆ ವಾಕ್ಯದ ಮೊದಲ ಪದ ನುಂಗಿಹೋಗುತ್ತದೆ. ಪ್ರತಿ ಸ್ಲೈಡಿನ ಆದಿಯಲ್ಲೂ ಅಂತ್ಯದಲ್ಲೂ ಒಂದು ಸೆಕೆಂಡ್ ಸುಮ್ಮನಿರಿ. ಧ್ವನಿ ಸ್ಲೈಡುವಾರು ಉಳಿಯುವುದರಿಂದ ತಪ್ಪಾದ ಸ್ಲೈಡನ್ನಷ್ಟೇ ಅಳಿಸಿ ಮತ್ತೆ ಹೇಳಬಹುದು.

ಆದರೆ ಕಿರಣಚಿತ್ರದಂಥ ಸ್ಲೈಡುಗಳಿಗೆ ನಾನು ಆಡಾಸಿಟಿಯಲ್ಲೇ ಮುದ್ರಿಸಿ ಧ್ವನಿಯ ಫೈಲನ್ನು ಸ್ಲೈಡಿಗೆ ಸೇರಿಸುತ್ತೇನೆ, ಪ್ರಾರಂಭ ‘ಆಟೊಮ್ಯಾಟಿಕಲಿ’. ಆಮೇಲೆ ಎಲ್ಲ ಅನಿಮೇಶನ್‌ಗಳನ್ನೂ ‘ವಿತ್ ಪ್ರೀವಿಯಸ್’ ಮಾಡಿ, ಯಾವ ಪದಕ್ಕೆ ಗೆರೆ ಮೂಡಬೇಕೋ ಆ ಪದದ ಸಮಯವನ್ನು ಆಡಾಸಿಟಿಯಲ್ಲಿ ನೋಡಿ ‘ಡಿಲೇ’ ಖಾನೆಯಲ್ಲಿ ತುಂಬುತ್ತೇನೆ. ‘ಸಮಾಂತರ’ ಎಂಬ ಪದ 8.4ನೇ ಸೆಕೆಂಡಿಗೆ ಬಂದರೆ ಡಿಲೇ 8.4. ಬೇಸರದ ಕೆಲಸ, ನಿಜ. ಆದರೆ ಮಾತು ಮತ್ತು ಗೆರೆ ಒಟ್ಟಿಗೆ ಬಂದಾಗ ಬಾಣ, ವೃತ್ತ, ಮಿಂಚುವ ಗುರುತು ಯಾವುದೂ ಬೇಡವಾಗುತ್ತದೆ. ಕೊನೆಗೆ ಟ್ರಾನ್ಸಿಶನ್ ಪಟ್ಟಿಯಲ್ಲಿ ‘ಆಫ್ಟರ್’ ಸಮಯವನ್ನು ಧ್ವನಿಯ ಅವಧಿಗೆ ಒಂದು ಸೆಕೆಂಡ್ ಸೇರಿಸಿ ಕೊಡಿ. ಸಮಯ ಕೊಡದ ಸ್ಲೈಡನ್ನು ವಿಡಿಯೊ ಮಾಡುವಾಗ ಪವರ್‌ಪಾಯಿಂಟ್ ತಾನಾಗಿ ಐದು ಸೆಕೆಂಡ್ ತೋರಿಸಿ ಮುಂದೆ ಹೋಗುತ್ತದೆ.

ಎಕ್ಸ್‌ಪೋರ್ಟ್ 1080ರಲ್ಲಿ ಮಾಡಿ, ಹಂಚಲು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಕುಗ್ಗಿಸುವ ತಂತ್ರಾಂಶದಲ್ಲಿ 720ಕ್ಕೆ ಇಳಿಸಿ, ಧ್ವನಿ ಮೊನೊ 64 ಕೆಬಿಪಿಎಸ್. ಆರು ನಿಮಿಷದ ಧ್ವನಿ ಮೂರು ಎಂಬಿಯೊಳಗೆ ಮುಗಿಯುತ್ತದೆ, ನಿಂತ ಚಿತ್ರಗಳೇ ಹೆಚ್ಚಿರುವುದರಿಂದ ಒಟ್ಟು ಫೈಲೂ ಹಗುರ. ವಾಟ್ಸಾಪ್‌ನಲ್ಲಿ ಕಳಿಸುವಾಗ ವಿಡಿಯೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ಇಲ್ಲವಾದರೆ ಅದು ಇನ್ನೊಮ್ಮೆ ಹಿಂಡಿ ಅಕ್ಷರಗಳ ಅಂಚನ್ನು ಕರಗಿಸುತ್ತದೆ.

ಅಭ್ಯಾಸದ ಫೈಲಿನಲ್ಲಿ ಪ್ರಶ್ನೆ ಒಂದು ಸ್ಲೈಡು, ಪ್ರತಿ ಆಯ್ಕೆಗೂ ಒಂದೊಂದು ಉತ್ತರದ ಸ್ಲೈಡು, ನಡುವೆ ಲಿಂಕು. ‘ತಪ್ಪು, ಮತ್ತೆ ಪ್ರಯತ್ನಿಸಿ’ ಎಂಬ ಒಂದೇ ಸ್ಲೈಡಿಗೆ ಎಲ್ಲವನ್ನೂ ಕಟ್ಟಿದರೆ ಪ್ರಶ್ನೆ ಕೇಳಿಯೂ ಪ್ರಯೋಜನ ಇಲ್ಲ. ಉದಾಹರಣೆಗೆ, ಮಸೂರದ ಅರ್ಧಭಾಗಕ್ಕೆ ಕಪ್ಪು ಕಾಗದ ಅಂಟಿಸಿದರೆ ಪ್ರತಿಬಿಂಬ ಏನಾಗುತ್ತದೆ? ‘ಅರ್ಧ ಕಾಣುತ್ತದೆ’ ಎಂದವನಿಗೆ ಉಳಿದರ್ಧದ ಮೂಲಕವೂ ವಸ್ತುವಿನ ಪ್ರತಿ ಬಿಂದುವಿನಿಂದ ಕಿರಣಗಳು ಹಾದುಹೋಗುವ ಚಿತ್ರ ತೋರಿಸಿ: ಪ್ರತಿಬಿಂಬ ಪೂರ್ತಿಯೇ ಇರುತ್ತದೆ, ಹೊಳಪು ಮಾತ್ರ ಕಡಿಮೆ. ‘ಕಾಣುವುದೇ ಇಲ್ಲ’ ಎಂದವನ ಗೊಂದಲ ಬೇರೆ, ಅವನಿಗೆ ಬೇರೆ ಸ್ಲೈಡು. ಈ ಫೈಲಿಗೆ ‘ಸೆಟ್ ಅಪ್ ಸ್ಲೈಡ್ ಶೋ’ದಲ್ಲಿ ಕಿಯೋಸ್ಕ್ ಆಯ್ಕೆ ಹಾಕಲೇಬೇಕು. ಇಲ್ಲದಿದ್ದರೆ ಗುಂಡಿಯ ಪಕ್ಕದಲ್ಲಿ ಎಲ್ಲಿ ಒತ್ತಿದರೂ ಮುಂದಿನ ಸ್ಲೈಡು, ಅಂದರೆ ಉತ್ತರವೇ, ತೆರೆದುಕೊಳ್ಳುತ್ತದೆ. ಕಿಯೋಸ್ಕ್‌ನಲ್ಲಿ ಲಿಂಕು ಬಿಟ್ಟು ಬೇರೆ ದಾರಿ ಇಲ್ಲ, ಆದ್ದರಿಂದ ಪ್ರತಿ ಸ್ಲೈಡಿನಲ್ಲೂ ಹಿಂದಿರುಗುವ ಗುಂಡಿ ಇದೆಯೇ ಎಂದು ಒಂದೊಂದನ್ನೂ ಒತ್ತಿ ನೋಡಿ. ಅಂಕ ದಾಖಲಾಗಬೇಕಿದ್ದರೆ ಇದು ಸಾಲದು; ಆಗ ವಿಡಿಯೊವನ್ನು ಕೋರ್ಸ್ ನಡೆಸುವ ತಂತ್ರಾಂಶ ಮೂಡಲ್‌ಗೆ ಹಾಕಿ, ವಿಡಿಯೊದ ನಡುವೆ ಪ್ರಶ್ನೆ ಕೂರಿಸುವ ಎಚ್5ಪಿ ಸಾಧನದಲ್ಲಿ ಪ್ರಶ್ನೆ ಸೇರಿಸುವುದು ಸರಿ.

ಶೀರ್ಷಿಕೆಸಾಲಿನ ಎಸ್‌ಆರ್‌ಟಿ ಫೈಲನ್ನು ನೋಟ್ಸ್‌ನಲ್ಲಿದ್ದ ಮಾತಿನಿಂದಲೇ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ ಯುಟಿಎಫ್-8 ಎಂದಿರಲಿ. ಆನ್ಸಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ವಾಪಸ್ ಬರುವುದಿಲ್ಲ. ಮೂಲ ಸ್ಲೈಡ್ ಫೈಲು, ಸ್ಲೈಡುವಾರು ಧ್ವನಿ ಫೈಲುಗಳು, ಅಳತೆಯ ಪಟ್ಟಿ ಮೂರನ್ನೂ ಒಂದೇ ಫೋಲ್ಡರಿನಲ್ಲಿ ಇಡಿ. ಪಠ್ಯಪುಸ್ತಕ ಬದಲಾದ ವರ್ಷ ಎರಡು ಸ್ಲೈಡಿನ ಧ್ವನಿಯನ್ನಷ್ಟೇ ಮತ್ತೆ ಮುದ್ರಿಸಿ, ಅವುಗಳ ಡಿಲೇಗಳನ್ನು ತಿದ್ದಿ, ಹೊಸದಾಗಿ ಎಕ್ಸ್‌ಪೋರ್ಟ್ ಮಾಡಿದರೆ ಮುಗಿಯಿತು.