ಸ್ವಿಚ್‌ಗಳಲ್ಲಿ ಮಲ್ಟಿಕಾಸ್ಟ್ ಹತೋಟಿ: ಸ್ನೂಪಿಂಗ್ ಆನ್ ಮಾಡುವ ಮೊದಲು ಕ್ವೆರಿಯರ್ ಯಾವುದೆಂದು ನಿರ್ಧರಿಸಿ

ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವ ದಿನಗಳಲ್ಲಿ ಬೆಳಗಾವಿಯ ಲಾಡ್ಜುಗಳಲ್ಲಿ ಕೋಣೆ ಸಿಗುವುದೇ ಕಷ್ಟ. ಕೋಣೆ ಕೋಣೆಯಲ್ಲೂ ಐಪಿ ಟಿವಿ ನಡೆಯುವ, ಅದೇ ನೆಟ್‌ವರ್ಕ್ ಸ್ವಿಚ್‌ಗಳ ಮೇಲೆ ಸಿಸಿಟಿವಿ, ವೈಫೈ ಮತ್ತು ಬಿಲ್ಲಿಂಗ್ ಕೂಡ ಓಡುವ ಕಟ್ಟಡದಲ್ಲಿ ಮಲ್ಟಿಕಾಸ್ಟ್ ಅನ್ನು, ಅಂದರೆ ಒಂದೇ ದತ್ತಾಂಶವನ್ನು ಕೇಳಿದವರಿಗೆಲ್ಲ ಒಟ್ಟಿಗೆ ಕಳುಹಿಸುವ ವ್ಯವಸ್ಥೆಯನ್ನು, ಸರಿಯಾಗಿ ಕಟ್ಟಿದ್ದಾರೋ ಇಲ್ಲವೋ ಎಂಬುದು ಇಂಥ ದಟ್ಟಣೆಯಲ್ಲಿಯೇ ಗೊತ್ತಾಗುತ್ತದೆ. ಉದ್ಯಮಬಾಗದ ಕಾರ್ಖಾನೆಯೊಂದರ ಕ್ಯಾಮೆರಾ ಜಾಲಕ್ಕೂ ಇಲ್ಲಿ ಹೇಳುವ ಕ್ರಮವೇ ಅನ್ವಯಿಸುತ್ತದೆ.

ಮೊದಲು ಹೊರೆಯ ಲೆಕ್ಕ ಹಾಕಿಕೊಳ್ಳಿ. ತಲಾ 8 ಎಂಬಿಪಿಎಸ್‌ನ 60 ಚಾನೆಲ್‌ಗಳಿದ್ದರೆ ಒಟ್ಟು 480 ಎಂಬಿಪಿಎಸ್ ಆಗುತ್ತದೆ. ಮಲ್ಟಿಕಾಸ್ಟ್ ಗುಂಪಿನ (ಇಲ್ಲಿ ಪ್ರತಿ ಚಾನೆಲ್ ಒಂದು ಗುಂಪು) ಸದಸ್ಯರು ಯಾವ ಪೋರ್ಟಿನಲ್ಲಿದ್ದಾರೆಂದು ತಿಳಿಯದ ಸ್ವಿಚ್ ಈ ಅಷ್ಟನ್ನೂ ಆ ವಿಲ್ಯಾನ್‌ನ (ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ಜಾಲದ) ಎಲ್ಲ ಪೋರ್ಟ್‌ಗಳಿಗೆ ಸುರಿಯುತ್ತದೆ. ಸೆಟ್ ಟಾಪ್ ಬಾಕ್ಸ್‌ನ ಪೋರ್ಟ್ 100 ಎಂಬಿಪಿಎಸ್‌ನದಾಗಿದ್ದರೆ ನೋಡುವವರಿಗೆ ಬೇಕಾದ ಒಂದು ಚಾನೆಲ್ ಕೂಡ ಆ ಪ್ರವಾಹದಲ್ಲಿ ಸಿಕ್ಕಿ ಒಡೆದುಹೋಗುತ್ತದೆ.

ಇದಕ್ಕೆ ಪರಿಹಾರ ಐಜಿಎಂಪಿ ಸ್ನೂಪಿಂಗ್. ಐಜಿಎಂಪಿ ಎಂದರೆ ಸಾಧನಗಳು ಮಲ್ಟಿಕಾಸ್ಟ್ ಗುಂಪು ಸೇರಲು, ಬಿಡಲು ಬಳಸುವ ನಿಯಮಾವಳಿ. ಟಿವಿ ಒಂದು ಚಾನೆಲ್ ಕೇಳಿದಾಗ ಕಳುಹಿಸುವ ಐಜಿಎಂಪಿ ರಿಪೋರ್ಟ್ ಅನ್ನು ಸ್ವಿಚ್ ಗಮನಿಸಿ, ಆ ಗುಂಪಿನ ದತ್ತಾಂಶವನ್ನು ಆ ಪೋರ್ಟಿಗೆ ಮಾತ್ರ ಬಿಡುತ್ತದೆ. ಆದರೆ ಈ ನಮೂದು ಶಾಶ್ವತವಲ್ಲ. ವಿಲ್ಯಾನ್‌ನಲ್ಲಿ ಕ್ವೆರಿಯರ್ ಎಂಬ ಒಂದು ಸಾಧನ ನಿಗದಿತವಾಗಿ, ಸಾಮಾನ್ಯವಾಗಿ 125 ಸೆಕೆಂಡಿಗೊಮ್ಮೆ, ಯಾರಿಗೆ ಯಾವ ಗುಂಪು ಬೇಕೆಂದು ಕೇಳುತ್ತಿರಬೇಕು. ಟಿವಿಗಳು ಉತ್ತರಿಸುತ್ತಿದ್ದರೆ ನಮೂದು ಉಳಿಯುತ್ತದೆ. ಕೇಳುವವರೇ ಇಲ್ಲದಿದ್ದರೆ ಉತ್ತರವೂ ಬರುವುದಿಲ್ಲ, ಮತ್ತು ಮೂಲ ನಿಗದಿಯಂತೆ 260 ಸೆಕೆಂಡಿನಲ್ಲಿ, ಅಂದರೆ 125ರ ಎರಡು ಪಟ್ಟಿಗೆ ಉತ್ತರದ ಅವಧಿಯ 10 ಸೆಕೆಂಡು ಸೇರಿಸಿದಷ್ಟು ಹೊತ್ತಿನಲ್ಲಿ, ನಮೂದು ಅಳಿದುಹೋಗುತ್ತದೆ.

ಹೀಗಾಗಿ ಲಾಡ್ಜಿನ ಮ್ಯಾನೇಜರ್ ಫೋನ್ ಮಾಡಿ, "ಸರ, ಚಾನೆಲ್ ಹಚ್ಚಿದ್ರ ಛಲೋ ಬರ್ತೈತ್ರಿ, ನಾಕ ನಿಮಿಷ ಆದಮ್ಯಾಲ ನಿಂತಬಿಡ್ತೈತ್ರಿ" ಎಂದರೆ ಕೇಬಲ್ ಬದಲಿಸಲು ಹೋಗಬೇಡಿ. ಸುಮಾರು ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಆದಾಗ ಚಿತ್ರ ನಿಂತು, ಚಾನೆಲ್ ಬದಲಿಸಿ ಮರಳಿ ಬಂದರೆ ಮತ್ತೆ ಅಷ್ಟೇ ಹೊತ್ತು ಓಡುತ್ತಿದ್ದರೆ, ಮೊದಲು ಸಂಶಯಪಡಬೇಕಾದದ್ದು ಕ್ವೆರಿಯರ್ ಇಲ್ಲದಿರುವುದನ್ನು. ಅನೇಕ ಸ್ವಿಚ್‌ಗಳಲ್ಲಿ, ಸಿಸ್ಕೋ ಕ್ಯಾಟಲಿಸ್ಟ್ ಸಹಿತ, ಸ್ನೂಪಿಂಗ್ ಮೊದಲೇ ಆನ್ ಆಗಿದ್ದು ಕ್ವೆರಿಯರ್ ಮಾತ್ರ ಆಫ್ ಆಗಿರುತ್ತದೆ. ಇಂಥ ಸಂದರ್ಭದಲ್ಲಿ ಸ್ನೂಪಿಂಗ್ ಆಫ್ ಮಾಡಿ "ಸರಿಹೋಯಿತು" ಎಂದು ಹೇಳಿ ಹೋಗುವವರಿದ್ದಾರೆ. ಚಿತ್ರವೇನೋ ಬರುತ್ತದೆ, ಆದರೆ ಹೊರೆ ಮತ್ತೆ ಎಲ್ಲ ಪೋರ್ಟ್‌ಗಳ ಮೇಲೆ ಬೀಳುತ್ತದೆ. ಇದನ್ನು ದುರಸ್ತಿ ಎಂದು ನಾನು ಒಪ್ಪುವುದಿಲ್ಲ.

ಕ್ವೆರಿಯರ್ ಎಲ್ಲಿರಬೇಕು ಎಂಬುದು ಅದು ಇರಬೇಕೇ ಎಂಬುದರಷ್ಟೇ ಮುಖ್ಯ. ಕ್ವೆರಿ ಬಂದ ದಿಕ್ಕಿನ ಪೋರ್ಟ್ ಅನ್ನು ಪ್ರತಿ ಸ್ವಿಚ್ ಮಲ್ಟಿಕಾಸ್ಟ್ ರೂಟರ್ ಪೋರ್ಟ್ ಎಂದು ಗುರುತಿಸಿ, ರಿಪೋರ್ಟ್‌ಗಳನ್ನೂ ತನ್ನಲ್ಲಿಗೆ ಬಂದ ಮಲ್ಟಿಕಾಸ್ಟ್ ದತ್ತಾಂಶವನ್ನೂ ಆ ಕಡೆಗೆ ಕಳುಹಿಸುತ್ತದೆ. ಅಂದಮೇಲೆ ಮೂರನೇ ಮಹಡಿಯ ಮೂಲೆಯ ಚಿಕ್ಕ ಸ್ವಿಚ್ ಕ್ವೆರಿಯರ್ ಆಗಿಬಿಟ್ಟರೆ, ಅಲ್ಲಿ ಯಾರೂ ಟಿವಿ ನೋಡದಿದ್ದರೂ 480 ಎಂಬಿಪಿಎಸ್ ಪೂರ್ತಿಯಾಗಿ ಅದರ ಅಪ್‌ಲಿಂಕ್ (ಮುಖ್ಯ ಸ್ವಿಚ್ ಕಡೆಗಿನ ಸಂಪರ್ಕ) ಹತ್ತುತ್ತದೆ. ಕ್ವೆರಿಯರ್ ಆಗಬಲ್ಲ ಸಾಧನಗಳು ಒಂದಕ್ಕಿಂತ ಹೆಚ್ಚಿದ್ದರೆ ಐಜಿಎಂಪಿಯ 2 ಮತ್ತು 3ನೇ ಆವೃತ್ತಿಗಳಲ್ಲಿ ಅತಿ ಚಿಕ್ಕ ಐಪಿ ವಿಳಾಸ ಉಳ್ಳದ್ದೇ ಗೆಲ್ಲುತ್ತದೆ. ಆದುದರಿಂದ ಚಾನೆಲ್‌ಗಳನ್ನು ಕಳುಹಿಸುವ ಸರ್ವರ್ ಜೋಡಿಸಿರುವ ಕೋರ್ (ಮುಖ್ಯ) ಸ್ವಿಚ್‌ಗೆ ಟಿವಿ ವಿಲ್ಯಾನ್‌ನಲ್ಲಿ 10.20.0.2ರಂಥ ಚಿಕ್ಕ ವಿಳಾಸ ಕೊಟ್ಟು, ಅಲ್ಲಿ ಕ್ವೆರಿಯರ್ ಆನ್ ಮಾಡಿ, ಉಳಿದ ಸ್ವಿಚ್‌ಗಳಲ್ಲಿ ಆಫ್ ಇಡಿ. ಕೋರ್ ಕೆಟ್ಟರೂ ನಡೆಯಬೇಕೆಂದರೆ ಎರಡನೆಯದೊಂದನ್ನು ಅದಕ್ಕಿಂತ ದೊಡ್ಡ ವಿಳಾಸದೊಂದಿಗೆ ಸಿದ್ಧವಾಗಿಡಬಹುದು. ಕ್ವೆರಿಯರ್ ಪ್ರತಿ ವಿಲ್ಯಾನ್‌ಗೂ ಪ್ರತ್ಯೇಕವಾಗಿ ಬೇಕು. ಆ ವಿಲ್ಯಾನ್‌ನಲ್ಲಿ ಪಿಐಎಂ (ಜಾಲಗಳ ನಡುವೆ ಮಲ್ಟಿಕಾಸ್ಟ್ ಸಾಗಿಸುವ ನಿಯಮಾವಳಿ) ನಡೆಸುವ ರೂಟರ್ ಇದ್ದರೆ ಅದೇ ಈ ಕೆಲಸ ಮಾಡುತ್ತದೆ.

ಇನ್ನು ಗುಂಪಿನ ವಿಳಾಸಗಳು. ಖಾಸಗಿ ಬಳಕೆಗೆ 239ರಿಂದ ಆರಂಭವಾಗುವ ವಿಳಾಸಗಳಿವೆ, ಆದರೆ ಅವುಗಳಲ್ಲಿ 239.0.0 ಮತ್ತು 239.128.0 ಸಾಲುಗಳನ್ನು ಬಿಟ್ಟುಬಿಡಿ. ಮಲ್ಟಿಕಾಸ್ಟ್ ಐಪಿಯ ಕೊನೆಯ 23 ಬಿಟ್‌ಗಳು ಮಾತ್ರ ಸ್ವಿಚ್‌ಗಳು ನೋಡುವ ಯಂತ್ರಮಟ್ಟದ ವಿಳಾಸವಾದ ಮ್ಯಾಕ್ ವಿಳಾಸಕ್ಕೆ ಇಳಿಯುವುದರಿಂದ 32 ಗುಂಪುಗಳಿಗೆ ಒಂದೇ ಮ್ಯಾಕ್ ಬರುತ್ತದೆ, ಮತ್ತು ಈ ಎರಡು ಸಾಲುಗಳು ರೂಟರ್‌ಗಳ ನಡುವಿನ ಒಎಸ್‌ಪಿಎಫ್, ವಿಆರ್‌ಆರ್‌ಪಿ ನಿಯಮಾವಳಿಗಳು ಬಳಸುವ 224.0.0 ಸಾಲಿನೊಂದಿಗೆ ಮ್ಯಾಕ್ ಹಂಚಿಕೊಳ್ಳುತ್ತವೆ. ಆ ಸಾಲನ್ನು ಸ್ವಿಚ್‌ಗಳು ಸ್ನೂಪಿಂಗ್ ಇದ್ದರೂ ಎಲ್ಲ ಪೋರ್ಟ್‌ಗಳಿಗೆ ಬಿಡುತ್ತವೆ. ಮ್ಯಾಕ್ ನೋಡಿ ಹಂಚುವ ಸ್ವಿಚ್‌ನಲ್ಲಿ ನಿಮ್ಮ ಚಾನೆಲ್‌ಗೂ ಅದೇ ಗತಿಯಾಗುತ್ತದೆ. 239.10.1.1ರಿಂದ ಆರಂಭಿಸಿದರೆ ಈ ತೊಂದರೆ ಇಲ್ಲ.

ಟಿವಿ ಗುಂಪು ಬಿಟ್ಟೊಡನೆ ಆ ಪೋರ್ಟಿಗೆ ದತ್ತಾಂಶ ನಿಲ್ಲಿಸುವ ಫಾಸ್ಟ್ ಲೀವ್ ಸೌಲಭ್ಯವನ್ನು ಒಂದು ಪೋರ್ಟಿಗೆ ಒಂದೇ ಟಿವಿ ಇರುವಲ್ಲಿ ಮಾತ್ರ ಆನ್ ಮಾಡಿ. ಪೋರ್ಟಿನ ಕೆಳಗೆ ಚಿಕ್ಕ ಸ್ವಿಚ್ ಹಾಕಿ ಎರಡು ಟಿವಿ ಜೋಡಿಸಿದ್ದರೆ, ಒಂದು ಕೋಣೆಯವರು ಚಾನೆಲ್ ಬದಲಿಸಿದಾಗ ಅದೇ ಚಾನೆಲ್ ನೋಡುತ್ತಿರುವ ಪಕ್ಕದ ಕೋಣೆಯ ಚಿತ್ರವೂ ಕಡಿದುಹೋಗುತ್ತದೆ. ಸದಸ್ಯರೇ ಇಲ್ಲದ ಗುಂಪಿನ ದತ್ತಾಂಶವನ್ನು ತಡೆಯುವ ಆಯ್ಕೆ ನಿಮ್ಮ ಸ್ವಿಚ್‌ನಲ್ಲಿದ್ದರೆ, ಕ್ವೆರಿಯರ್ ಸರಿಯಾಗಿ ನಡೆಯುತ್ತಿದೆ ಎಂದು ಖಾತ್ರಿಯಾದ ಮೇಲೆ ಅದನ್ನು ಬಳಸಿ. ವೈಫೈ ಅನ್ನು ಟಿವಿ ವಿಲ್ಯಾನ್‌ನಿಂದ ಹೊರಗಿಡುವುದೇ ಒಳ್ಳೆಯದು, ಏಕೆಂದರೆ ಆಕ್ಸೆಸ್ ಪಾಯಿಂಟ್‌ಗಳು ಮಲ್ಟಿಕಾಸ್ಟ್ ಅನ್ನು ಸಾಮಾನ್ಯವಾಗಿ ಅತಿ ನಿಧಾನದ ದರದಲ್ಲಿ ಪ್ರಸಾರ ಮಾಡಿ ಎಲ್ಲರ ಗಾಳಿಯ ಸಮಯವನ್ನು ತಿನ್ನುತ್ತವೆ. ಐಪಿವಿ6 ಬಳಸುವಲ್ಲಿ ಇದೇ ಕೆಲಸವನ್ನು ಎಂಎಲ್‌ಡಿ ಸ್ನೂಪಿಂಗ್ ಮಾಡುತ್ತದೆ; ಅದಕ್ಕೂ ಪ್ರತ್ಯೇಕ ಕ್ವೆರಿಯರ್ ಬೇಕು.

ಕೊನೆಗೆ ಪರೀಕ್ಷೆ. ಪ್ರತಿ ಸ್ವಿಚ್‌ನಲ್ಲಿ ಮೂರು ಪಟ್ಟಿಗಳನ್ನು ತೆರೆದು ನೋಡಿ: ಕ್ವೆರಿಯರ್ ಎಂದು ತೋರಿಸುವ ವಿಳಾಸ ಕೋರ್ ಸ್ವಿಚ್‌ನದೇ, ಮಲ್ಟಿಕಾಸ್ಟ್ ರೂಟರ್ ಪೋರ್ಟ್ ಕೋರ್ ಕಡೆಯ ಅಪ್‌ಲಿಂಕೇ, ಮತ್ತು ಗುಂಪುಗಳ ಎದುರಿಗೆ ಟಿವಿ ನಡೆಯುತ್ತಿರುವ ಪೋರ್ಟ್‌ಗಳಷ್ಟೇ ಇವೆಯೇ. ಬಳಿಕ ಟಿವಿ ವಿಲ್ಯಾನ್‌ನ ಖಾಲಿ ಪೋರ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ, ಬರುವ ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ತೆರೆಯಿರಿ. ಯಾವ ಗುಂಪನ್ನೂ ಕೇಳದ ಆ ಲ್ಯಾಪ್‌ಟಾಪ್‌ಗೆ ಎರಡು ನಿಮಿಷಕ್ಕೊಮ್ಮೆ ಕ್ವೆರಿ ಕಾಣಬೇಕು, ಚಾನೆಲ್‌ಗಳ ಯುಡಿಪಿ ಪ್ಯಾಕೆಟ್ ಕಾಣಬಾರದು. ಈ ಪರೀಕ್ಷೆಯನ್ನು ಒಂದೆರಡು ನಿಮಿಷಕ್ಕೆ ಮುಗಿಸದೆ, ಒಂದು ಟಿವಿಯಲ್ಲಿ ಒಂದೇ ಚಾನೆಲ್ ಅನ್ನು ಕನಿಷ್ಠ ಹತ್ತು ನಿಮಿಷ ಬಿಡದೆ ಓಡಿಸಿ, 260 ಸೆಕೆಂಡಿನ ಗಡಿಯನ್ನು ಎರಡು ಬಾರಿ ದಾಟಿದ ನಂತರವೇ ಕೆಲಸ ಮುಗಿಯಿತೆಂದು ಬರೆದುಕೊಡಿ.