ಆಪ್ಟ್ ಕೈಕೊಟ್ಟಾಗ ಕೊನೇ ಸಾಲು ಬಿಡಿ, ಮೇಲಕ್ಕೆ ಹೋಗಿ

ನಮ್ಮ ಮಾವನ ಮಗ ಮಂಡ್ಯದ ನೂರಡಿ ರಸ್ತೆ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಅಲ್ಲಿರೋ ಎರಡು ಹಳೇ ಕಂಪ್ಯೂಟರಿಗೆ ಉಬುಂಟು ಅನ್ನೋ ಲಿನಕ್ಸ್ ಹಾಕಿಕೊಟ್ಟವನು ನಾನೇ, ಹಾಗಾಗಿ ಏನು ಕೆಟ್ಟರೂ ಫೋನ್ ಬರುವುದು ಮೈಸೂರಿಗೆ, ನನಗೆ. ಉಬುಂಟುವಲ್ಲಿ ಪ್ರೋಗ್ರಾಂಗಳು ಪ್ಯಾಕೇಜ್ ಅನ್ನೋ ಕಟ್ಟುಗಳಾಗಿ ಬರುತ್ತವೆ, ಅವನ್ನು ನೆಟ್ಟಿಂದ ಇಳಿಸುವುದು ಆಪ್ಟ್, ಬಿಚ್ಚಿ ಕೂರಿಸುವುದು ಡಿಪಿಕೆಜಿ. "ಅಣ್ಣೋ, ಅಪ್‌ಡೇಟ್ ಆಯ್ತಿಲ್ಲ ಕಣಣ್ಣ, ಏನೇನೋ ಬತ್ತದೆ." ಏನು ಬರ್ತಿದೆ ಓದು ಅಂದರೆ ಕೊನೇ ಸಾಲು ಓದುತ್ತಾನೆ: ಸಬ್ ಪ್ರೊಸೆಸ್ ಡಿಪಿಕೆಜಿ ರಿಟರ್ನ್ಡ್ ಆನ್ ಎರರ್ ಕೋಡ್ 1.

ಈ ಸಾಲಿನಿಂದ ಏನೂ ಗೊತ್ತಾಗುವುದಿಲ್ಲ. ಕೆಲಸ ಕೆಟ್ಟಿತು ಅಂತ ಹೇಳುತ್ತದೆ, ಅಷ್ಟೇ. ಯಾಕೆ ಕೆಟ್ಟಿತು ಅನ್ನುವುದು ಹತ್ತಿಪ್ಪತ್ತು ಸಾಲು ಮೇಲೆ ಇರುತ್ತದೆ. ಸ್ಕ್ರೋಲ್ ಮಾಡಿ, 'ಎರರ್' ಅನ್ನೋ ಪದ ಮೊದಲು ಎಲ್ಲಿ ಬಂದಿದೆ ನೋಡಿ. ಟರ್ಮಿನಲ್ (ಕಮಾಂಡ್ ಹೊಡೆಯುವ ಕಿಟಕಿ) ಮುಚ್ಚಿಬಿಟ್ಟಿದ್ದರೂ ತೊಂದರೆ ಇಲ್ಲ, ವಾರ್ (ವಿ ಎ ಆರ್) ಫೋಲ್ಡರ್, ಅದರೊಳಗೆ ಲಾಗ್, ಅದರೊಳಗೆ ಆಪ್ಟ್, ಅಲ್ಲಿ ಟರ್ಮ್ ಡಾಟ್ ಲಾಗ್ ಅನ್ನೋ ಫೈಲಲ್ಲಿ ಎಲ್ಲ ಉಳಿದಿರುತ್ತದೆ. ಪಕ್ಕದಲ್ಲೇ ಇರೋ ಹಿಸ್ಟರಿ ಡಾಟ್ ಲಾಗ್ ನೋಡಿದರೆ ಯಾವ ದಿನ ಯಾವ ಪ್ಯಾಕೇಜ್ ಬಂತು, ಯಾವುದು ಹೋಯಿತು ಅಂತಲೂ ಗೊತ್ತಾಗುತ್ತದೆ.

ಕಮಾಂಡುಗಳನ್ನು ಇಲ್ಲಿ ಫೋನಲ್ಲಿ ಅವನಿಗೆ ಹೇಳೋ ಹಾಗೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಡ್ಯಾಶ್ ಅಂದರೆ ಅಡ್ಡಗೆರೆ. ಸುಡೋ ಅಂದರೆ ಈ ಕೆಲಸವನ್ನು ಅಡ್ಮಿನ್ ಅಧಿಕಾರದಿಂದ ಮಾಡು ಅಂತ.

ಮೊದಲು ಲಾಕ್ ವಿಷಯ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. "ಕುಡ್ ನಾಟ್ ಗೆಟ್ ಲಾಕ್" ಅಂತ ಬಂದರೆ ಇನ್ನೊಂದು ಪ್ರೋಗ್ರಾಂ ಈಗಾಗಲೇ ಪ್ಯಾಕೇಜ್ ಕೆಲಸದಲ್ಲಿದೆ ಅಂತ ಅರ್ಥ. ಬೆಳಗ್ಗೆ ಕಂಪ್ಯೂಟರ್ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಉಬುಂಟು ತಾನೇ ಸುರಕ್ಷತೆಯ ಅಪ್‌ಡೇಟ್ ಹಾಕಿಕೊಳ್ಳಲು ಶುರು ಮಾಡುತ್ತದೆ, ಅದರ ಹೆಸರು ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್. ಆ ಸಾಲಲ್ಲೇ ಪ್ರೊಸೆಸ್ ನಂಬರು, ಹೆಸರು ಎರಡೂ ಇರುತ್ತವೆ. ಸುಮ್ನೆ ಕಾಯಿರಿ. ಒಂದು ಕಾಫಿ ಕುಡಿದು ಬನ್ನಿ. ಲಾಕ್ ಫೈಲ್ ಡಿಲೀಟ್ ಮಾಡಿ ಅಂತ ನೆಟ್ಟಲ್ಲಿ ನೂರು ಜನ ಬರೆದಿದ್ದಾರೆ, ದಯವಿಟ್ಟು ಮಾಡಬೇಡಿ. ಒಳಗೆ ಒಬ್ಬರು ಸ್ನಾನ ಮಾಡುತ್ತಿರುವಾಗ ಬಚ್ಚಲು ಮನೆಯ ಚಿಲಕ ಕಿತ್ತ ಹಾಗೆ ಅದು. ಎರಡು ಪ್ರೋಗ್ರಾಂ ಒಟ್ಟಿಗೆ ಪ್ಯಾಕೇಜ್ ಪಟ್ಟಿಗೆ ಬರೆಯಲು ಹೋದರೆ ಪಟ್ಟಿಯೇ ಕೆಡುತ್ತದೆ, ಆಮೇಲೆ ಸರಿ ಮಾಡುವುದಕ್ಕೆ ಅರ್ಧ ದಿನ ಬೇಕು.

ಎರಡನೆಯದು ಕರೆಂಟ್. ಅಪ್‌ಡೇಟ್ ನಡೀತಿರುವಾಗ ಕರೆಂಟ್ ಹೋಯಿತು, ಯುಪಿಎಸ್ಸಿನ ಬ್ಯಾಟರಿ ಮೊದಲೇ ಸತ್ತಿತ್ತು. ಮತ್ತೆ ಆನ್ ಮಾಡಿದರೆ "ಡಿಪಿಕೆಜಿ ವಾಸ್ ಇಂಟರಪ್ಟೆಡ್" ಅನ್ನುತ್ತದೆ. ಹೆದರಬೇಡಿ, ಇದು ಸುಲಭದ್ದು. ಏನು ಮಾಡಬೇಕು ಅಂತ ಅದೇ ಸಾಲಲ್ಲಿ ಬರೆದಿರುತ್ತದೆ: "ಸುಡೋ ಡಿಪಿಕೆಜಿ ಡ್ಯಾಶ್ ಡ್ಯಾಶ್ ಕಾನ್ಫಿಗರ್", ಜಾಗ ಬಿಟ್ಟು "ಡ್ಯಾಶ್ ಎ". ಬಿಚ್ಚಿ ಅರ್ಧಕ್ಕೆ ಬಿಟ್ಟ ಪ್ಯಾಕೇಜುಗಳನ್ನೆಲ್ಲ ಅದು ಒಂದೊಂದಾಗಿ ಪೂರ್ತಿ ಕೂರಿಸುತ್ತದೆ. ಅದಾದ ಮೇಲೆ "ಸುಡೋ ಆಪ್ಟ್ ಡ್ಯಾಶ್ ಡ್ಯಾಶ್ ಫಿಕ್ಸ್ ಡ್ಯಾಶ್ ಬ್ರೋಕನ್ ಇನ್‌ಸ್ಟಾಲ್". ಹತ್ತರಲ್ಲಿ ಎಂಟು ಸಲ ಇಲ್ಲಿಗೇ ಮುಗಿಯುತ್ತದೆ, ಇದು ನನ್ನ ಅನುಭವದ ಲೆಕ್ಕ.

ಮುಗಿಯದಿದ್ದರೆ ಡಿಸ್ಕಲ್ಲಿ ಜಾಗ ಇದೆಯಾ ನೋಡಿ. "ಡಿಎಫ್ ಡ್ಯಾಶ್ ಎಚ್" ಹೊಡೆಯಿರಿ. ಬೂಟ್ ಅಂತ ಪ್ರತ್ಯೇಕ ಪಾರ್ಟಿಷನ್ (ಡಿಸ್ಕಿನ ಭಾಗ) ಇದ್ದು ಅದು 100 ಪರ್ಸೆಂಟ್ ಅಂತ ತೋರಿಸಿದರೆ ಕಳ್ಳ ಸಿಕ್ಕಿಬಿದ್ದ. ಹಳೇ ಕರ್ನಲ್‌ಗಳು ಅಲ್ಲಿ ತುಂಬಿಕೊಂಡಿರುತ್ತವೆ, ಕರ್ನಲ್ ಅಂದರೆ ಉಬುಂಟುವಿನ ತಿರುಳು. "ಸುಡೋ ಆಪ್ಟ್ ಆಟೋರಿಮೂವ್" ಅವನ್ನು ತೆಗೆಯುತ್ತದೆ. ಕೈಯಿಂದ ತೆಗೆಯಲೇಬೇಕಾದರೆ ಮೊದಲು "ಯುನೇಮ್ ಡ್ಯಾಶ್ ಆರ್" ಹೊಡೆದು ಈಗ ಓಡುತ್ತಿರುವ ಕರ್ನಲ್ ಯಾವುದು ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಅದನ್ನು ಮಾತ್ರ ಮುಟ್ಟಬೇಡಿ. ಬೂಟ್ ಅಲ್ಲ, ಮುಖ್ಯ ಡಿಸ್ಕೇ ತುಂಬಿದೆ ಅಂದರೆ "ಸುಡೋ ಆಪ್ಟ್ ಕ್ಲೀನ್" ಮಾಡಿ. ಇಳಿಸಿಕೊಂಡ ಪ್ಯಾಕೇಜ್ ಫೈಲುಗಳು ಅಳಿಯುತ್ತವೆ, ಹಾಕಿದ ಪ್ರೋಗ್ರಾಂಗಳಿಗೆ ಏನೂ ಆಗುವುದಿಲ್ಲ.

ಈಗ ನನ್ನನ್ನು ನಿಜವಾಗಿ ಸತಾಯಿಸಿದ ಪ್ರಕರಣ. ಒಂದು ಕಂಪ್ಯೂಟರಲ್ಲಿ ದಿನಾ ಬೆಳಗ್ಗೆ "ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್" ಅಂತ ಬರುತ್ತಿತ್ತು. ನಾನು ಸರ್ವರ್ ಬದಲಾಯಿಸಿಸಿದೆ, ಪಟ್ಟಿ ಅಳಿಸಿಸಿದೆ, ನೆಟ್ ಕಡೆಯವರನ್ನೂ ಮನಸ್ಸಲ್ಲೇ ಬೈದೆ. ಕೊನೆಗೆ ಭಾನುವಾರ ಬಸ್ ಹತ್ತಿ ಹೋಗಿ ನೋಡಿದರೆ ಪರದೆಯ ಮೇಲಿನ ಗಡಿಯಾರ ಏಳು ವರ್ಷ ಹಿಂದಿನ ತಾರೀಖು ತೋರಿಸುತ್ತಿದೆ! ಸರ್ವರಿನ ಪಟ್ಟಿಯಲ್ಲಿ ತಾರೀಖು ಇರುತ್ತದಲ್ವಾ, ನಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇಲ್ಲ, ಹಾಗಾಗಿ ಆಪ್ಟ್ ನಂಬುವುದಿಲ್ಲ. ಮದರ್‌ಬೋರ್ಡ್ ಮೇಲೆ ನಾಣ್ಯದ ಥರ ಒಂದು ಸೆಲ್ ಇರುತ್ತದೆ, ಸಿಆರ್ 2032 ಅಂತ. ಅದು ಸತ್ತಿತ್ತು. ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆರಿಸಿದರೆ ಗಡಿಯಾರವೂ ಸತ್ತ ಹಾಗೇ. ವಾಚ್ ಅಂಗಡಿಯಿಂದ ಸೆಲ್ ತಂದು ಹಾಕಿ, ಗಡಿಯಾರ ನೆಟ್ ನೋಡಿ ತಾನೇ ಸರಿಹೋಗಲಿ ಅಂತ "ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್ ಡ್ಯಾಶ್ ಎನ್‌ಟಿಪಿ ಟ್ರೂ" ಹೊಡೆದೆ. ಹತ್ತು ನಿಮಿಷದ ಕೆಲಸಕ್ಕೆ ಒಂದು ವಾರ ಹೋಗಿತ್ತು.

ನೆಟ್ ಗಲಾಟೆಗಳು ಇನ್ನೂ ಇವೆ. "ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್" ಅಂದರೆ ನೆಟ್ ಇಲ್ಲ ಅಥವಾ ಸರ್ವರ್ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರಿ ಇಲ್ಲ. "ಹ್ಯಾಶ್ ಸಮ್ ಮಿಸ್‌ಮ್ಯಾಚ್" ಬಂದರೆ ಇಳಿದ ಫೈಲು ಸರ್ವರಿನ ಪಟ್ಟಿಗೆ ತಾಳೆ ಆಗಿಲ್ಲ ಅಂತ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ, ಆಗಲೂ ಬಂದರೆ 'ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್' ತೆರೆದು ಮೇನ್ ಸರ್ವರ್ ಆರಿಸಿ. ಲಾಡ್ಜ್ ವೈಫೈಯಲ್ಲಿ "ನೋಸ್ಪ್ಲಿಟ್" ಅನ್ನೋ ವಿಚಿತ್ರ ಪದ ಕಂಡರೆ ಬ್ರೌಸರ್ ತೆರೆದು ಮೊದಲು ಲಾಗಿನ್ ಆಗಿ.

ಹೊರಗಿನ ಪಿಪಿಎ, ಅಂದರೆ ಉಬುಂಟುವಿನವರಲ್ಲದೆ ಬೇರೆಯವರು ನಡೆಸುವ ಪ್ಯಾಕೇಜ್ ಉಗ್ರಾಣ (ರೆಪೊಸಿಟರಿ), ಹಾಕಿಕೊಂಡವರಿಗೆ ಬೇರೆ ತಲೆನೋವು. ಉಬುಂಟು 22.04ರಿಂದ 24.04ಕ್ಕೆ ಹೋದ ಮೇಲೆ "ಡಸ್ ನಾಟ್ ಹ್ಯಾವ್ ಎ ರಿಲೀಸ್ ಫೈಲ್" ಅಂತ ಬಂದರೆ ಆ ಪಿಪಿಎಯವರು ಹೊಸ ಆವೃತ್ತಿಗೆ ಏನೂ ಮಾಡಿಟ್ಟಿಲ್ಲ. 'ಅದರ್ ಸಾಫ್ಟ್‌ವೇರ್' ಪುಟದಲ್ಲಿ (ಮೇನ್ ಸರ್ವರ್ ಆರಿಸಿದ ಕಿಟಕಿಯಲ್ಲೇ ಇದೆ) ಅದರ ಟಿಕ್ ತೆಗೆಯಿರಿ. "ನೋ ಪಬ್‌ಕೀ" ಬಂದರೆ ಸಹಿ ಪರೀಕ್ಷಿಸುವ ಕೀ ಇಲ್ಲ ಅಂತ. ಹಳೇ ಬರಹಗಳು "ಆಪ್ಟ್ ಡ್ಯಾಶ್ ಕೀ" ಬಳಸಿ ಅನ್ನುತ್ತವೆ, ಆ ದಾರಿ ಈಗ ಬೇಡ. ಹಾಗೆ ಹಾಕಿದ ಕೀಯನ್ನು ಆಪ್ಟ್ ಎಲ್ಲ ರೆಪೊಸಿಟರಿಗೂ ನಂಬುತ್ತದೆ, ಹಾಲಿನವನಿಗೆ ಗೇಟಿನ ಕೀ ಬದಲು ಬೀರು ಕೀ ಕೊಟ್ಟ ಹಾಗೆ. ಕೀ ಫೈಲನ್ನು ಇಟಿಸಿ ಫೋಲ್ಡರ್, ಅದರೊಳಗೆ ಆಪ್ಟ್, ಅದರೊಳಗಿನ ಕೀರಿಂಗ್ಸ್ ಫೋಲ್ಡರಲ್ಲಿಟ್ಟು ಆ ಒಂದು ರೆಪೊಸಿಟರಿಯ ಸಾಲಲ್ಲಿ ಮಾತ್ರ 'ಸೈನ್ಡ್ ಡ್ಯಾಶ್ ಬೈ' ಅಂತ ಅದರ ದಾರಿ ಬರೆಯಿರಿ.

"ಅನ್‌ಮೆಟ್ ಡಿಪೆಂಡೆನ್ಸೀಸ್" ಬಂದಾಗ, ಅಂದರೆ ಒಂದು ಪ್ಯಾಕೇಜಿಗೆ ಬೇಕಾದ ಇನ್ನೊಂದು ಸಿಗದಿದ್ದಾಗ, ಬಹಳ ಸಲ ಇಂಥ ಹೊರಗಿನ ಪಿಪಿಎಯೇ ಕಾರಣ. "ಆಪ್ಟ್ ಪಾಲಿಸಿ" ಅಂತ ಬರೆದು ಪ್ಯಾಕೇಜ್ ಹೆಸರು ಕೊಟ್ಟರೆ ಅದರ ಯಾವ ಆವೃತ್ತಿ ಎಲ್ಲಿಂದ ಬರುತ್ತಿದೆ ಅಂತ ತೋರಿಸುತ್ತದೆ. "ಆಪ್ಟ್ ಡ್ಯಾಶ್ ಮಾರ್ಕ್ ಶೋಹೋಲ್ಡ್" ಹೊಡೆದು ನೀವೇ ಯಾವತ್ತೋ ತಡೆದಿಟ್ಟು ಮರೆತ ಪ್ಯಾಕೇಜ್ ಇದೆಯಾ ಅಂತಲೂ ನೋಡಿ.

ಸರಿ ಮಾಡುವ ಅವಸರದಲ್ಲಿ ವೈ ಒತ್ತುವ ಮುಂಚೆ ಒಂದು ಸಾಲು ಓದಲೇಬೇಕು: "ವಿಲ್ ಬಿ ರಿಮೂವ್ಡ್". ಅದರ ಕೆಳಗಿನ ಪಟ್ಟಿಯಲ್ಲಿ ಉಬುಂಟು ಡೆಸ್ಕ್‌ಟಾಪ್ ಅಂತ ಕಂಡರೆ ಎನ್ ಒತ್ತಿ ಹೊರಗೆ ಬನ್ನಿ. ನಮ್ಮ ಹುಡುಗ ಒಂದು ಸಲ ಗಿರಾಕಿ ಮುಂದೆ ನಿಂತಿದ್ದಾನೆ ಅಂತ ಓದದೇ ವೈ ಒತ್ತಿದ. ಮತ್ತೆ ಆನ್ ಮಾಡಿದಾಗ ಬರೀ ಕಪ್ಪು ಪರದೆ, ಅದರಲ್ಲಿ ಲಾಗಿನ್ ಅನ್ನೋ ಒಂದು ಪದ. ಅನುಮಾನ ಇದ್ದರೆ ಕಮಾಂಡಿನ ಜೊತೆ "ಡ್ಯಾಶ್ ಎಸ್" ಸೇರಿಸಿ. ಏನೇನು ಆಗುತ್ತಿತ್ತು ಅಂತ ತೋರಿಸುತ್ತದೆ, ಏನನ್ನೂ ಮುಟ್ಟುವುದಿಲ್ಲ. ಆ ಪಟ್ಟಿಯ ಫೋಟೊ ಅವನು ಈಗ ಮೊದಲು ವಾಟ್ಸಾಪಿಗೆ ಹಾಕುತ್ತಾನೆ, ನಾನು ಹೂಂ ಅಂದ ಮೇಲೆ ವೈ ಒತ್ತುತ್ತಾನೆ.